ಯಾರ ಕಡೆಯಿಂದ ಬಂತು?

ಮನೆಯಲ್ಲಿ ಕೂಸು ಹುಟ್ಟಿದೊಡನೆ ಬಂಧುಗಳೆಲ್ಲ ತೊಟ್ಟಿಲ ಸುತ್ತ ನೆರೆದು ಮೊದಲು ಹುಡುಕುವುದು ಹೋಲಿಕೆಯನ್ನು. ಮೂಗು ತಾತನದು, ಹಣೆ ಸೋದರತ್ತೆಯದು, ಕೆನ್ನೆಯ ಗುಳಿ ತಾಯಿಯ ತೌರುಮನೆಯದು ಎಂದು ಪಾಲು ಹಂಚಿಕೊಳ್ಳುವುದರಲ್ಲಿ ಎಲ್ಲರಿಗೂ ಸಂತೋಷ. ಆದರೆ ಅದೇ ಕೂಸು ಮೂರು ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಕಣ್ಣು ಮೇಲಕ್ಕೆ ತೇಲಿಸಿ, ಕೈಕಾಲು ಸೆಟೆದು, ಮೈಯೆಲ್ಲ ಅದುರಿಸತೊಡಗಿದರೆ ಈ ಹಂಚಿಕೆಯ ಸ್ವರೂಪವೇ ಬದಲಾಗಿಬಿಡುತ್ತದೆ. ಆಗ ತನ್ನ ಪಾಲೆಂದು ಯಾರೂ ಮುಂದೆ ಬರುವುದಿಲ್ಲ. “ನಿಮ್ಮ ತೌರಿನ ಕಡೆ ಯಾರಿಗಾದರೂ ಹೀಗಿತ್ತೇನಮ್ಮ?” ಎಂದು ಅತ್ತೆಯವರು ಸೊಸೆಯನ್ನು ಕೇಳುತ್ತಾರೆ. ಕೇಳುವ ದನಿ ಮೃದುವಾಗಿಯೇ ಇರಬಹುದು. ಕೇಳಿಸಿಕೊಂಡವಳ ಎದೆಯಲ್ಲಿ ಮಾತ್ರ ಅದು ಮುಳ್ಳಾಗಿ ಉಳಿಯುತ್ತದೆ.

ಹಿಂದಿನವರು ಇದನ್ನು ಬಾಲಗ್ರಹವೆಂದು ಕರೆದರು. ತಾಯಿತ ಕಟ್ಟಿದರು, ದೃಷ್ಟಿ ತೆಗೆದರು, ಅದುರುವ ಕೈಗೆ ಕಬ್ಬಿಣ ಕೊಟ್ಟರು. ಇಂದಿನ ವಿದ್ಯಾವಂತ ಸಂಸಾರಗಳಲ್ಲಿ ಗ್ರಹದ ಮಾತು ಕಡಮೆಯಾಗಿದೆ. ಆದರೆ ತಪ್ಪಿತಸ್ಥರನ್ನು ಹುಡುಕುವ ಚಪಲ ಕಡಮೆಯಾಗಿಲ್ಲ. ಹೊರಗಿನವರು ಹುಡುಕದಿದ್ದರೆ ತಾಯಿಯೇ ತನ್ನೊಳಗೆ ಹುಡುಕಿಕೊಳ್ಳುತ್ತಾಳೆ. ಗ್ರಹಣದ ದಿನ ಅಂಗಳಕ್ಕೆ ಕಾಲಿಟ್ಟದ್ದು, ಆರನೆಯ ತಿಂಗಳಲ್ಲಿ ಬಸ್ಸಿನಲ್ಲಿ ಪ್ರಯಾಣ ಮಾಡಿದ್ದು, ವಾಕರಿಕೆಯೆಂದು ಕ್ಯಾಲ್ಸಿಯಂ ಮಾತ್ರೆಗಳನ್ನು ತಪ್ಪಿಸಿದ್ದು ಒಂದೊಂದೂ ಇರುಳಿನಲ್ಲಿ ಬಂದು ಸಾಕ್ಷಿ ನುಡಿಯುತ್ತದೆ.

ಎಳೆಯ ಮಕ್ಕಳ ಸೆಳವುಗಳೆಲ್ಲ ಒಂದೇ ಬಗೆಯವಲ್ಲ. ಜ್ವರ ಏರಿದಾಗ ಬರುವ ಸೆಳವು ಬಹುಪಾಲು ಮಕ್ಕಳಲ್ಲಿ ಯಾವ ಊನವನ್ನೂ ಉಳಿಸದೆ ಹೋಗಿಬಿಡುತ್ತದೆ. ಆದರೆ ಬೇರೊಂದು ಗುಂಪುಂಟು. ಇದರಲ್ಲಿ ಸೆಳವುಗಳು ಔಷಧಕ್ಕೆ ಜಗ್ಗುವುದಿಲ್ಲ. ಕತ್ತು ನಿಲ್ಲುವುದು, ಕುಳಿತುಕೊಳ್ಳುವುದು, ಮಾತನಾಡುವುದು ಎಲ್ಲವೂ ಹಿಂದೆ ಬೀಳುತ್ತವೆ. ಕಲಿತದ್ದೂ ಕೆಲವೊಮ್ಮೆ ಕೈಬಿಟ್ಟು ಹೋಗುತ್ತದೆ. ಇಂಥ ತೀವ್ರ ಮೂರ್ಛೆರೋಗಗಳಲ್ಲಿ ಹಲವಕ್ಕೆ ಕಾರಣ ವಂಶವಾಹಿಗಳಲ್ಲಿದೆಯೆಂಬುದು ಕಳೆದ ಕೆಲವು ದಶಕಗಳಲ್ಲಿ ತಿಳಿದುಬಂದಿದೆ. ಅವುಗಳಲ್ಲಿ ಒಂದು ಪಂಗಡ ನರಕೋಶಗಳ ಕ್ಯಾಲ್ಸಿಯಂ ದ್ವಾರಗಳಿಗೆ ಸೇರಿದ್ದು.

ಎಲುಬಿಗೂ ಹಲ್ಲಿಗೂ ಬೇಕಾದ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶಕ್ಕೆ ಮಿದುಳಿನಲ್ಲೇನು ಕೆಲಸ? ಈ ಕಥೆಯ ಮೊದಲ ಎಳೆ ಲಂಡನ್ನಿನ ನಲ್ಲಿಯ ನೀರಿನಲ್ಲಿದೆ. ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದರ ಬಡಿತವನ್ನು ಪರೀಕ್ಷಿಸುತ್ತಿದ್ದ. ಬಡಿತ ಚೆನ್ನಾಗಿಯೇ ನಡೆದಿತ್ತು. ಆಮೇಲೆ ನೋಡಿದರೆ, ದ್ರಾವಣಕ್ಕೆ ಬಳಸಿದ್ದು ಭಟ್ಟಿಯಿಳಿಸಿದ ಶುದ್ಧ ಜಲವಲ್ಲ, ನಲ್ಲಿಯ ನೀರು! ಶುದ್ಧ ಜಲದಲ್ಲಿಟ್ಟಾಗ ಹೃದಯ ಬೇಗನೆ ನಿಂತುಹೋಯಿತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತೆಂದು ರಿಂಗರ್ 1883ರಲ್ಲಿ ಪ್ರಕಟಿಸಿದ. ಅದೇ ಕಾಲೇಜಿನಲ್ಲಿ ಬರ್ನಾರ್ಡ್ ಕಾಟ್ಜ್ ಮತ್ತು ಅವನ ಸಂಗಡಿಗರು 1950 ಮತ್ತು 1960ರ ದಶಕಗಳಲ್ಲಿ ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಿದರು. ನರದ ತುದಿಯಿಂದ ಸಂದೇಶದ ರಾಸಾಯನಿಕ ಹೊರಬೀಳಬೇಕಾದರೂ ಕ್ಯಾಲ್ಸಿಯಂ ಬೇಕು. ಕಾಟ್ಜನಿಗೆ 1970ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ನಮ್ಮ ಹಳ್ಳಿಯ ಕೆರೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಏರಿಯ ಆಚೆ ಕೆರೆ ತುಂಬ ನೀರು; ಈಚೆ ಗದ್ದೆ. ನಡುವೆ ತೂಬು. ನರಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಕೋಶದ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳೇ ತೂಬುಗಳು. ವಿದ್ಯುತ್ತಿನ ಸಣ್ಣ ಅಲೆ ಬಂದು ತಟ್ಟಿದಾಗ ಅವು ಕ್ಷಣಕಾಲ ತೆರೆದು ಒಡನೆಯೇ ಮುಚ್ಚಿಕೊಳ್ಳಬೇಕು. ತೂಬು ಬೇಗ ತೆರೆದು ತಡವಾಗಿ ಮುಚ್ಚಿದರೆ ಗದ್ದೆ ಕೊಚ್ಚಿಹೋಗುತ್ತದೆ. ತೆರೆಯದೇ ಹೋದರೆ ಪೈರು ಒಣಗುತ್ತದೆ. ಮಿದುಳಿನಲ್ಲಿ ಇವೆರಡರಿಂದಲೂ ನರಕೋಶಗಳ ಲಯ ತಪ್ಪಿ, ಸೆಳವು ಹುಟ್ಟಬಹುದು.

ಈ ತೂಬುಗಳ ಮುಖ್ಯ ಭಾಗವನ್ನು ಕಟ್ಟುವ ವಂಶವಾಹಿಗಳು 10. ಅವುಗಳಲ್ಲಿ ಒಂದರ ಗುಟ್ಟನ್ನು ಹೊರಗೆಡಹಿದ್ದು ಒಂದು ಬಡ ಇಲಿ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಿದ, ನಡೆಯುವಾಗ ತತ್ತರಿಸುವ ಇಲಿಯ ತಳಿಯೊಂದರ ವರ್ಣನೆ 1962ರಲ್ಲಿ ಪ್ರಕಟವಾಯಿತು. ಈ ಇಲಿಗಳಿಗೆ ಮೂರ್ಛೆಯೂ ಬರುತ್ತಿತ್ತು. ಕಾರಣ ದೊರೆತದ್ದು 1996ರಲ್ಲಿ: ಸಿಎಸಿಎನ್‌ಎ1ಎ ಎಂಬ ಕ್ಯಾಲ್ಸಿಯಂ ದ್ವಾರದ ವಂಶವಾಹಿಯಲ್ಲಿ ದೋಷ. ಅದೇ ವರ್ಷ ಅದೇ ವಂಶವಾಹಿಯ ದೋಷ ಮನುಷ್ಯರಲ್ಲಿಯೂ ಕಂಡುಬಂದಿತು. ಕೆಲವರಿಗೆ ಅದರಿಂದ ಅರ್ಧಾಂಗದ ಬಲಹೀನತೆಯೊಡನೆ ಬರುವ ತಲೆಶೂಲೆ. ಮತ್ತೆ ಕೆಲವರಿಗೆ ಆಗಾಗ ತಲೆದೋರುವ ತೂರಾಟ. ಎಳೆಯ ಮಕ್ಕಳ ತೀವ್ರ ಮೂರ್ಛೆರೋಗಕ್ಕೂ ಅದು ಕಾರಣವಾಗಬಲ್ಲುದೆಂಬುದು ಅನಂತರ ತಿಳಿಯಿತು. 2018ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಇಂಥದೇ ಇನ್ನೊಂದು ವಂಶವಾಹಿಯಾದ ಸಿಎಸಿಎನ್‌ಎ1ಇಯ ದೋಷವುಳ್ಳ 30 ಮಂದಿಯ ವಿವರಗಳನ್ನು ಪ್ರಕಟಿಸಿದರು. ಇವರಲ್ಲಿ ಹಲವರ ಕೀಲುಗಳು ಹುಟ್ಟುವಾಗಲೇ ಬಿಗಿದುಕೊಂಡಿದ್ದವು, ತಲೆಯ ಗಾತ್ರ ದೊಡ್ಡದಾಗಿತ್ತು. ಪರೀಕ್ಷಿಸಿ ನೋಡಿದ ದ್ವಾರಗಳಲ್ಲಿ ಕಂಡದ್ದು ಹೆಚ್ಚಾಗಿ ಮೊದಲ ಬಗೆಯ ಕೆಡುಕು: ಸುಲಭವಾಗಿ ತೆರೆಯುವ, ನಿಧಾನವಾಗಿ ಮುಚ್ಚುವ ತೂಬು.

ಹಾಗಾದರೆ ಇದು ಯಾರ ಕಡೆಯಿಂದ ಬಂತು? ಈ ತೀವ್ರ ಬಗೆಯ ರೋಗಗಳಲ್ಲಿ ಬಹುಮಟ್ಟಿಗೆ ಉತ್ತರ ಒಂದೇ: ಯಾರ ಕಡೆಯಿಂದಲೂ ಅಲ್ಲ. ತಾಯಿಯ ರಕ್ತವನ್ನು ಪರೀಕ್ಷಿಸಿದರೂ ತಂದೆಯ ರಕ್ತವನ್ನು ಪರೀಕ್ಷಿಸಿದರೂ ಆ ದೋಷ ಕಾಣುವುದಿಲ್ಲ. ಮನುಷ್ಯನ ದೇಹವನ್ನು ಕಟ್ಟುವ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳುಂಟು. ವೀರ್ಯಾಣುವೋ ಅಂಡಾಣುವೋ ಸಿದ್ಧವಾಗುವಾಗ ಈ ಬರಹವನ್ನೆಲ್ಲ ನಕಲು ಮಾಡಬೇಕು. ಎಷ್ಟು ನುರಿತ ಲಿಪಿಕಾರನ ಕೈಯಲ್ಲಿಯೂ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಹುಟ್ಟುವ ಪ್ರತಿಯೊಂದು ಮಗುವೂ ತಂದೆತಾಯಿಯಲ್ಲಿಲ್ಲದ ಹತ್ತಾರು ಹೊಸ ತಪ್ಪುಗಳನ್ನು ಹೊತ್ತೇ ಬರುತ್ತದೆ. ಆರೋಗ್ಯದಿಂದಿರುವ ಮಕ್ಕಳೂ ಇದಕ್ಕೆ ಹೊರತಲ್ಲ. ಬಹುಪಾಲು ತಪ್ಪುಗಳು ನಿರಪಾಯವಾದ ಜಾಗದಲ್ಲಿ ಬೀಳುತ್ತವೆ. ಎಲ್ಲೋ ಒಂದು ಮಗುವಿನಲ್ಲಿ ಒಂದು ತಪ್ಪು ತೂಬಿನ ಮೇಲೆಯೇ ಬೀಳುತ್ತದೆ. ಅದಕ್ಕೆ ಗ್ರಹಣವೂ ಕಾರಣವಲ್ಲ, ಬಸ್ಸಿನ ಪ್ರಯಾಣವೂ ಕಾರಣವಲ್ಲ. ವಂಶವಾಹಿಯ ದೋಷವೆಲ್ಲ ವಂಶದ ದೋಷವಲ್ಲ.

ಎಲ್ಲ ಸಂದರ್ಭಗಳೂ ಹೀಗೆಯೇ ಎನ್ನುವಂತಿಲ್ಲ. ದ್ವಾರದ ಉಪಾಂಗವೊಂದನ್ನು ಕಟ್ಟುವ ಸಿಎಸಿಎನ್‌ಎ2ಡಿ2 ಎಂಬ ವಂಶವಾಹಿಯಲ್ಲಿ ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ರೋಗ ಬರುತ್ತದೆ. ಒಂದು ಪ್ರತಿ ತಂದೆಯದು, ಇನ್ನೊಂದು ತಾಯಿಯದು, ಇಬ್ಬರೂ ಆರೋಗ್ಯವಂತರೇ. ಸೋದರಮಾವ, ಸೋದರತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆ ನಡೆಯುವ ಮನೆತನಗಳಲ್ಲಿ ಇಂಥ ಜೋಡಿ ಕೂಡುವ ಸಂಭವ ಹೆಚ್ಚು. ಆದರೆ ಇಲ್ಲಿಯೂ ಒಂದು ಕಡೆಯವರನ್ನು ಬೆರಳು ಮಾಡಿ ತೋರಿಸಲು ಎಡೆಯಿಲ್ಲ. ಎರಡೂ ಕಡೆಗೆ ಸಮಪಾಲು.

ತಪ್ಪಿಸಿದ ಮಾತ್ರೆಗಳ ಲೆಕ್ಕವನ್ನೂ ಇಲ್ಲಿಯೇ ಚುಕ್ತಾ ಮಾಡಿಬಿಡಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ತೀರ ಕಡಮೆಯಾದರೂ ಶಿಶುಗಳಿಗೆ ಸೆಳವು ಬರುವುದುಂಟು. ಆದರೆ ಅದು ಬೇರೆ ಕಾಯಿಲೆ, ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಚಿಕಿತ್ಸೆಯೂ ಉಂಟು. ತೂಬು ಕೆಟ್ಟ ಮಗುವಿನಲ್ಲಿ ಕೊರತೆಯಿರುವುದು ಕೆರೆಯ ನೀರಿಗಲ್ಲ. ತಾಯಿ ಎಷ್ಟು ಮಾತ್ರೆ ನುಂಗಿದ್ದರೂ ಎಷ್ಟು ಹಾಲು ಕುಡಿದಿದ್ದರೂ ಆ ತೂಬು ಸರಿಹೋಗುತ್ತಿರಲಿಲ್ಲ.

ಕಾರಣ ತಿಳಿದರೆ ಮಗು ಗುಣವಾಗುವುದೆ? ಪೂರ್ತಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲವೆಂಬುದನ್ನು ಮರೆಮಾಚಬಾರದು. ಆದರೂ ತಿಳಿವು ವ್ಯರ್ಥವಲ್ಲ. ಕ್ಷಣಕಾಲ ಮೈಮರೆಸುವ ಬಗೆಯ ಮೂರ್ಛೆಗೆ ಎಥೋಸಕ್ಸಿಮೈಡ್ ಎಂಬ ಔಷಧ 1960ರ ಸುಮಾರಿನಿಂದ ಬಳಕೆಯಲ್ಲಿದೆ. ಅದು ಒಂದು ಜಾತಿಯ ಕ್ಯಾಲ್ಸಿಯಂ ದ್ವಾರವನ್ನು ತಡೆಯುತ್ತದೆಂಬುದು 1989ರಲ್ಲಿ ಗೊತ್ತಾಯಿತು. 2018ರ ವರದಿಯ ಮಕ್ಕಳಲ್ಲಿ ಹೆಚ್ಚಿನವರಿಗೆ ಔಷಧಗಳು ಹಿಡಿಯಲಿಲ್ಲವಾದರೂ ಟೋಪಿರಮೇಟ್ ಕೊಟ್ಟಾಗ ಕೆಲವರ ಸೆಳವು ನಿಂತಿತು. ಹೆಸರು ಸಿಕ್ಕಮೇಲೆ ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಕಾರಣ ಹುಡುಕುವ ಅಲೆದಾಟ ತಪ್ಪುತ್ತದೆ. ಎರಡನೆಯ ಮಗುವಿನ ಆಸೆಯನ್ನು ಅಂಜಿಕೆಯಿಂದ ಮುಚ್ಚಿಟ್ಟ ದಂಪತಿಗಳಿಗೂ ಒಂದು ಉತ್ತರ ದೊರೆಯುತ್ತದೆ. ಹೊಸದಾಗಿ ಹುಟ್ಟಿದ ದೋಷ ಮತ್ತೊಂದು ಮಗುವಿನಲ್ಲಿ ಮರುಕಳಿಸುವ ಸಂಭವವನ್ನು ವೈದ್ಯರು ಸಾಮಾನ್ಯವಾಗಿ ನೂರಕ್ಕೆ 1ರಷ್ಟೆಂದು ಹೇಳುತ್ತಾರೆ. ಎರಡು ಪ್ರತಿಗಳೂ ಕೆಟ್ಟು ಬರುವ ಬಗೆಯಲ್ಲಿ ಅದು ನಾಲ್ಕಕ್ಕೆ 1. ಈ ಅಂತರವನ್ನು ಪರೀಕ್ಷೆಯೊಂದೇ ಹೇಳಬಲ್ಲುದು.

ವಂಶದ ಕಳಂಕವೆಂಬ ಭಯಕ್ಕೆ ಒಮ್ಮೆ ಶಾಸನದ ಬಲವೂ ಇತ್ತು. ಮತ್ತೆ ಮತ್ತೆ ಮೂರ್ಛೆ ಬರುವವರನ್ನು ಮದುವೆಗೆ ಅನರ್ಹರೆಂದು ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿಸಲಾಗಿತ್ತು. 1999ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾಯಿದೆಯ ಪುಸ್ತಕದಿಂದ ಒಂದು ಪದವನ್ನು ಕಿತ್ತುಹಾಕಿದಷ್ಟು ಸುಲಭವಾಗಿ ಮನೆಯ ಜಗಲಿಯಿಂದ ಅದನ್ನು ಕೀಳಲಾಗದು. ಅದಕ್ಕೆ ಹಿರಿಯರೇ ಮನಸ್ಸು ಮಾಡಬೇಕು. ಸೆಳವು ಬಂದಾಗ ಕೂಸನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಲು ಜೊತೆಗೊಬ್ಬರು ಬೇಕು. ರಾತ್ರಿಯೆಲ್ಲ ಎಚ್ಚರವಿದ್ದ ತಾಯಿ ಬೆಳಿಗ್ಗೆ ಎರಡು ಗಳಿಗೆ ಕಣ್ಣು ಮುಚ್ಚಲು ಮಗುವನ್ನು ಎತ್ತಿಕೊಳ್ಳುವ ಕೈ ಬೇಕು. ಅತ್ತೆಯವರು ಆ ಕೈ ನೀಡಿದ ಮನೆಯಲ್ಲಿ ಕಾಯಿಲೆ ಮಗುವಿನ ಮೈಯಲ್ಲಷ್ಟೇ ಉಳಿಯುತ್ತದೆ, ಸಂಸಾರವನ್ನು ಹೊಕ್ಕುವುದಿಲ್ಲ.