ಹೊಟ್ಟೆಯೊಳಗಿನ ಕಾವಲುಗಾರ

ಮಕ್ಕಳೇ, ‘ಕೊಬ್ಬು’ ಎಂದರೆ ಬೈಗುಳ ಎಂದೇ ನಾನು ತಿಳಿದಿದ್ದೆ. ಬೈಲಹೊಂಗಲದಲ್ಲಿ ಏಳನೆಯ ತರಗತಿಯಲ್ಲಿದ್ದಾಗ ನನ್ನ ಅಪೆಂಡಿಕ್ಸ್ ಒಡೆಯಿತು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು, “ಕೊಬ್ಬಿನ ಪದರ ಸುತ್ತಿಕೊಂಡು ಕೀವು ಹರಡದಂಗ ತಡದೈತಿ, ತಮ್ಮಾ” ಎಂದರು.

ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ಈ ಪದರವೇ ಓಮೆಂಟಮ್. ತೆಳ್ಳಗಿರುವವರಲ್ಲೂ ಇದು ಇರುತ್ತದೆ. ಕಿತ್ತೂರು ಕೋಟೆಯಲ್ಲಿದ್ದ ಸೈನಿಕರಂತೆ ಇದರಲ್ಲಿ ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳಿವೆ. ಕೊಬ್ಬಿನ ಜೀವಕೋಶಗಳು ಸ್ರವಿಸುವ ಲೆಪ್ಟಿನ್ ಆ ಕಣಗಳನ್ನು ಚುರುಕುಗೊಳಿಸುತ್ತದೆ. ಇದು ಪತ್ತೆಯಾದದ್ದು 1994ರಲ್ಲಿ.

ಊಟವಿಲ್ಲದೆ ಮೈ ಸೊರಗಿದರೆ ಸೋಂಕು ಬೇಗ ತಗಲುತ್ತದೆ. ಹೊಟ್ಟೆಯಲ್ಲಿ ಕೊಬ್ಬು ಅತಿಯಾದರೆ ಶತ್ರುವಿಲ್ಲದಿದ್ದರೂ ಸೈನಿಕರು ಕಾದಾಡುತ್ತಾರೆ. ಆ ಉರಿಯೂತ ಸಕ್ಕರೆ ಕಾಯಿಲೆಗೆ, ಹೃದ್ರೋಗಕ್ಕೆ ದಾರಿ.

ಜೋಳದ ರೊಟ್ಟಿ, ಕಾಳುಪಲ್ಯ ಉಣ್ಣಿ. ಚೆನ್ನಾಗಿ ಆಡಿ. ಗೆಳೆಯರ ಮೈ ನೋಡಿ ಮಾತ್ರ ನಗಬೇಡಿ. ನನ್ನನ್ನು ನೋಡಿಯೂ ಹಾಗೆಯೇ ನಗುತ್ತಿದ್ದರು.