ಎರಡನೆಯ ಕತ್ತಿ

ಪೆನ್ನು ಎರಡಿದ್ದರೆ ಯಾರೂ ಏಕೆಂದು ಕೇಳುವುದಿಲ್ಲ. ಕನ್ನಡಕ ಎರಡಿದ್ದರೆ ವಯಸ್ಸಾಯಿತೆಂದು ತಿಳಿದು ಸುಮ್ಮನಾಗುತ್ತಾರೆ. ಕ್ಷೌರದ ಕತ್ತಿ ಎರಡು ಬೇಕೆಂದವನನ್ನು ಮಾತ್ರ ಜನ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾರೆ. ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಈ ಮಾತು ಬಂದಾಗ ಇತಿಹಾಸದ ಮಿತ್ರರು, “ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು, ಸ್ವಾಮಿ” ಎಂದು ಗಾದೆ ಎಸೆದರು. ಕ್ಷೌರದ ಕತ್ತಿಗೆ ಒರೆಯೆಂಬುದೇ ಇಲ್ಲ, ಅದು ತನ್ನ ಹಿಡಿಯೊಳಗೇ ಮಡಿಸಿಕೊಂಡು ಮಲಗುತ್ತದೆ ಎಂದು ನಾನು ಹೇಳಹೊರಟೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ಹೇಳುತ್ತಿರುವುದು ಬ್ಲೇಡು ಸಿಕ್ಕಿಸುವ ರೇಜರಿನ ಮಾತಲ್ಲ. ಕಲ್ಲಿನ ಮೇಲೆ ಮಸೆದು, ತೊಗಲಿನ ಪಟ್ಟಿಯ ಮೇಲೆ ತೀಡಿ, ಆಮೇಲೆ ಕೆನ್ನೆಗೆ ಹಿಡಿಯುವ ಹಳೆಯ ಮಡಿಸುವ ಕತ್ತಿಯ ಮಾತು. ಅಮೆರಿಕದ ಜಿಲೆಟ್ ಮಹಾಶಯ 1904ರಲ್ಲಿ ತನ್ನ ರೇಜರಿಗೆ ಪೇಟೆಂಟು ಪಡೆದ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸಿಪಾಯಿಗಳಿಗೆ ಅದು ಸರ್ಕಾರದ ಲೆಕ್ಕದಲ್ಲೇ ಬಂತು. ಯುದ್ಧ ಮುಗಿಸಿದವರು ಆ ಅಭ್ಯಾಸವನ್ನು ಮನೆಗೆ ತಂದರು. ಅಲ್ಲಿಂದೀಚೆಗೆ ಮಡಿಸುವ ಕತ್ತಿ ಮನೆಗಳನ್ನು ಬಿಟ್ಟು ಕ್ಷೌರದಂಗಡಿಯಲ್ಲಿ ಆಶ್ರಯ ಪಡೆಯಿತು. ಏಡ್ಸ್ ರೋಗದ ಭಯ ಹರಡಿದ ಮೇಲೆ ನಮ್ಮಲ್ಲಿ ಅಂಗಡಿಗಳಿಂದಲೂ ಹೊರಬಿತ್ತು. ಈಗ ಗಿರಾಕಿಯ ಕಣ್ಣೆದುರಿಗೇ ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ. ಒಳ್ಳೆಯದೇ ಆಯಿತು. ಕ್ಷೌರದ ಸಾಮಾನಿನ ಚೀಲಕ್ಕೆ ಹಿಂದೆ ಹಡಪ ಎನ್ನುತ್ತಿದ್ದರು; ಎಲೆಯಡಿಕೆಯ ಚೀಲಕ್ಕೂ ಅದೇ ಹೆಸರು. ತರಗತಿಯಲ್ಲಿ ಹಡಪದ ಅಪ್ಪಣ್ಣನ ಪ್ರಸ್ತಾಪ ಬಂದಾಗ ಎರಡು ಅರ್ಥವನ್ನೂ ಹೇಳುತ್ತೇನೆ. ಎಲೆಯಡಿಕೆಯ ಚೀಲ ಕಂಡ ಹುಡುಗರು ಇನ್ನೂ ಒಬ್ಬಿಬ್ಬರು ಸಿಗುತ್ತಾರೆ, ಇನ್ನೊಂದನ್ನು ಕಂಡವರಿಲ್ಲ.

ನನ್ನ ಮೊದಲನೆಯ ಕತ್ತಿ ನಾನು ಕೊಂಡದ್ದಲ್ಲ. ನಮ್ಮ ತಾತ ಬೆಂಗಳೂರಿನ ದಂಡಿನ ಅಂಗಡಿಯೊಂದರಲ್ಲಿ ಕೊಂಡು ಹಾಸನದ ಮನೆಗೆ ತಂದದ್ದು. ಬುಡದಲ್ಲಿ ಜರ್ಮನಿಯ ಸೊಲಿಂಗೆನ್ ಊರಿನ ಹೆಸರು ಒತ್ತಿದೆ. ಇಂಗ್ಲೆಂಡಿನ ಶೆಫೀಲ್ಡು, ಜರ್ಮನಿಯ ಸೊಲಿಂಗೆನ್ನು, ಇವೆರಡೂ ಈ ಕಸುಬಿನ ದೊಡ್ಡ ಮನೆತನಗಳು. ಸೊಲಿಂಗೆನ್ ಹೆಸರನ್ನು ಕಂಡಕಂಡವರು ತಮ್ಮ ಸಾಮಾನಿನ ಮೇಲೆ ಒತ್ತಿಕೊಳ್ಳದಂತೆ 1938ರಲ್ಲಿ ಅಲ್ಲಿ ಕಾನೂನೇ ಆಯಿತು. ತಾತನಿಂದ ಕತ್ತಿ ನಮ್ಮ ತಂದೆಗೆ ಬಂತು. ತಂದೆಯನ್ನು ನಮ್ಮ ಕಡೆಯ ಹಳೆಯ ಪದ್ಧತಿಯಂತೆ ನಾವು ‘ಅಣ್ಣ’ ಎನ್ನುತ್ತೇವೆ. ತಾಲ್ಲೂಕು ಕಛೇರಿಯ ಕೆಲಸದಿಂದ ನಿವೃತ್ತರಾಗುವವರೆಗೂ ಅಣ್ಣ ಅದರಲ್ಲೇ ಗಡ್ಡ ಹೆರೆದುಕೊಂಡರು. ಕೈ ಸ್ವಲ್ಪ ಅದುರತೊಡಗಿದ ಮೇಲೆ ಒಂದು ದಿನ ಅದನ್ನು ನನ್ನ ಮುಂದಿಟ್ಟು, “ಇಟ್ಟುಕೊ. ಮೊಂಡು ಮಾಡಬೇಡ” ಎಂದರು. ಜಮೀನಿನ ಪತ್ರಗಳನ್ನು ಕೊಟ್ಟಾಗಲೂ ಅವರ ಮುಖ ಅಷ್ಟು ಗಂಭೀರವಾಗಿರಲಿಲ್ಲ.

ಈ ಕತ್ತಿಯ ರಚನೆಯಲ್ಲಿ ಒಂದು ಜಾಣತನವಿದೆ. ಮಸೆಯುವಾಗ ಅದರ ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿನ ಮೇಲೆ ಕೂರುತ್ತವೆ. ಎಷ್ಟು ಓರೆ ಹಿಡಿಯಬೇಕೆಂಬುದನ್ನು ಕತ್ತಿಯೇ ನಿರ್ಣಯಿಸುತ್ತದೆ, ಕೈ ಅಲ್ಲ. ಅಡಿಗೆಮನೆಯ ಚಾಕು ಮಸೆಯುವವನಿಗೆ ಈ ಸೌಲಭ್ಯವಿಲ್ಲ. ಆದರೆ ಪ್ರತಿ ಸಲವೂ ಬೆನ್ನು, ಬಾಯಿ ಎರಡೂ ಒಂದಿಷ್ಟು ಸವೆಯುತ್ತವೆ. ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ವಾಡಿಕೆ. ಐದು ಭಾಗ, ಎಂದರೆ ಸುಮಾರು 16 ಮಿಲಿಮೀಟರು, ಸಾಮಾನ್ಯವಾದ ಅಳತೆ. ನಮ್ಮದು ಐದು ಭಾಗವಾಗಿ ಬಂದು, ಮೂರು ತಲೆಮಾರಿನ ಗಡ್ಡ ಕಂಡು, ನಾಲ್ಕಕ್ಕೆ ಇಳಿದಿದೆ.

ಎರಡನೆಯ ಕತ್ತಿ ಏಕೆಂಬುದಕ್ಕೆ ಹಳಬರು ಕೊಡುತ್ತಿದ್ದ ಕಾರಣ, ಕತ್ತಿಗೂ ವಿಶ್ರಾಂತಿ ಬೇಕೆಂಬುದು. ಇಂದು ದುಡಿದದ್ದು ನಾಳೆ ಮಲಗಿರಬೇಕು. ಅನುಕೂಲಸ್ಥರಿಗಾಗಿ ಏಳು ಕತ್ತಿಗಳ ಪೆಟ್ಟಿಗೆಯನ್ನೇ ಮಾಡುತ್ತಿದ್ದರು. ಒಂದೊಂದರ ಮೇಲೂ ಒಂದೊಂದು ವಾರದ ಹೆಸರು. ಅಂಥ ಪೆಟ್ಟಿಗೆ ನಮ್ಮ ತಾತನ ಕೈಗೆ ಬಂದಿದ್ದರೆ ಮಂಗಳವಾರ, ಶುಕ್ರವಾರಗಳ ಕತ್ತಿಗಳು ಇಂದಿಗೂ ಹೊಚ್ಚಹೊಸದಾಗಿ ಉಳಿದಿರುತ್ತಿದ್ದವು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕ್ಷೌರವಿಲ್ಲ. ಏಕಾದಶಿ, ಅಮಾವಾಸ್ಯೆ, ಜನ್ಮನಕ್ಷತ್ರ ಇವನ್ನೂ ಕಳೆದರೆ ಪಂಚಾಂಗವೇ ಕತ್ತಿಗೆ ಧಾರಾಳವಾಗಿ ರಜ ಕೊಡುತ್ತಿತ್ತು. ಉಕ್ಕಿಗೆ ದಣಿವಿರಲಿ, ಅದರ ನಿಜವಾದ ಶತ್ರು ತೇವ. ಸರಿಯಾಗಿ ಒರೆಸದೆ ಮಡಿಸಿಟ್ಟರೆ ಕಣ್ಣಿಗೆ ಕಾಣದ ತುಕ್ಕು ಬಾಯನ್ನು ತಿನ್ನುತ್ತದೆ; ಒಂದು ದಿನ ಬಿಟ್ಟರೆ ಚೆನ್ನಾಗಿ ಒಣಗುತ್ತದೆ. ಇನ್ನೊಂದು ಶತ್ರುವನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಹಿಡಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತು. ಆದರೂ ಅದು ಬಾಗಿ ಓರೆಯಾಗಿ ಬಂದು, ಉಕ್ಕಿನೊಳಗೆ ಹದ ಒಂದೇ ಸಮನಾಗಿಲ್ಲದ ಜಾಗದಲ್ಲಿ ಒತ್ತಿದರೆ ಬಾಯಿಂದ ಚಕ್ಕೆ ಏಳುತ್ತದೆ. ಮೆತ್ತಗಿದ್ದುಕೊಂಡೇ ಉಕ್ಕನ್ನು ಮುರಿಯುವ ಈ ವಿದ್ಯೆ ನಮ್ಮ ಅಜ್ಜಿಗೆ ಮೊದಲೇ ತಿಳಿದಿತ್ತು.

ಇವೆಲ್ಲ ಓದಿ ತಿಳಿದ ಕಾರಣಗಳು. ನನ್ನ ಕಾರಣ ಹಾಸನದ ಬಸ್ಸಿನಲ್ಲಿ ಬಂತು. ಅಮ್ಮ ಹೋದ ಮೇಲೆ ಅಣ್ಣ ಮೈಸೂರಿಗೆ ನಮ್ಮ ಜೊತೆ ಇರಲು ಬಂದರು. ಬಂದ ಮೂರನೆಯ ದಿನ ಬೆಳಿಗ್ಗೆ ಬಚ್ಚಲುಮನೆಯ ಗೂಡನ್ನೆಲ್ಲ ತಡಕಿ, “ನನ್ನ ಕತ್ತಿ ಎಲ್ಲಿ?” ಎಂದರು.

“ನನಗೆ ಕೊಟ್ಟಿದ್ದಿರಲ್ಲ, ಅಣ್ಣ.”

“ಇಟ್ಟುಕೊ ಅಂದಿದ್ದೆ. ಕೊಟ್ಟೆ ಅಂದಿರಲಿಲ್ಲ.”

ಇಪ್ಪತ್ತು ವರ್ಷದಿಂದ ಕನ್ನಡ ವ್ಯಾಕರಣ ಹೇಳುತ್ತಿರುವ ನನಗೆ ಇದಕ್ಕೆ ಎದುರುತ್ತರ ಹೊಳೆಯಲಿಲ್ಲ. ತಾಲ್ಲೂಕು ಕಛೇರಿಯಲ್ಲಿ ದಸ್ತಾವೇಜು ಓದಿದವರ ಕನ್ನಡ ನಮ್ಮದಕ್ಕಿಂತ ಬಿಗಿಯಾದದ್ದು. ಕತ್ತಿಯನ್ನು ತಂದು ಅವರ ಕೈಗಿಟ್ಟೆ. ಬಿಚ್ಚಿದರು, ಬೆಳಕಿಗೆ ಹಿಡಿದರು, ಕೆನ್ನೆಯ ಹತ್ತಿರಕ್ಕೆ ಒಯ್ದರು. ಕೈ ನಡುಗುತ್ತಿತ್ತು. ಹಾಗೆಯೇ ಮಡಿಸಿ ನನ್ನ ಕಡೆಗೆ ಚಾಚಿ, “ನೀನೇ ಮಾಡು” ಎಂದರು. ನನ್ನ ಹೆಂಡತಿ ಮರುವಾರವೇ ವಿದ್ಯುತ್ತಿನ ಯಂತ್ರವೊಂದನ್ನು ತಂದಳು. ವಿವೇಕಿಗಳು ಮಾಡುವ ಕೆಲಸ ಅದೇ. ಅಣ್ಣ ಅದರ ಗುಂಯ್‌ಗುಡುವಿಕೆಯನ್ನು ಒಂದು ಕ್ಷಣ ಕೇಳಿ, “ಕುರಿಯ ತುಪ್ಪಟಕ್ಕೆ ಸರಿ” ಎಂದು ಹಿಂದಕ್ಕೆ ಕೊಟ್ಟರು. ಬ್ಲೇಡಿನ ರೇಜರಿಗೂ ಅದೇ ಗತಿಯಾಯಿತು. ಅವರಿಗೆ ಬೇಕಾದದ್ದು ಗಡ್ಡ ಹೋಗುವುದಲ್ಲ, ಆ ಕತ್ತಿಯಲ್ಲಿ ಹೋಗುವುದು. ಹಾಗಾಗಿ ಬುಧವಾರ, ಭಾನುವಾರ ನಾನು ಅವರಿಗೆ ಕ್ಷೌರ ಮಾಡುವುದೆಂದಾಯಿತು. ಒಂದೇ ಕತ್ತಿ ಎರಡು ಮುಖಗಳ ಮೇಲೆ ಓಡಾಡಕೂಡದು. ಅದು ಇಂದಿನ ಆರೋಗ್ಯಶಾಸ್ತ್ರವೂ ಹೌದು, ಅಣ್ಣನ ಹಳೆಯ ಕಟ್ಟಳೆಯೂ ಹೌದು. ನಾನು ಬ್ಲೇಡಿಗೆ ಇಳಿದೆ.

ಆವರೆಗೆ ನಾನು ನಮ್ಮ ತಂದೆಯ ಮುಖವನ್ನು ಮುಟ್ಟಿದವನಲ್ಲ. ಕಾಲು ಮುಟ್ಟಿದ್ದುಂಟು, ಹಬ್ಬ ಹುಣ್ಣಿಮೆಯಲ್ಲಿ. ನಮ್ಮ ಕಾಲದ ಮನೆಗಳಲ್ಲಿ ಅಷ್ಟೇ ದಾರಿ. ಕ್ಷೌರ ಮಾಡುವವನು ಎಡಗೈಯ ಬೆರಳುಗಳಿಂದ ಚರ್ಮವನ್ನು ಎಳೆದು ಹಿಡಿಯಬೇಕು, ಮೂಗನ್ನು ಎರಡು ಬೆರಳಿನಲ್ಲಿ ಎತ್ತಬೇಕು, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಬೇಕು. ಎಂಬತ್ತರ ಹತ್ತಿರದ ಮುಖ. ದವಡೆಹಲ್ಲು ಹೋಗಿ ಕೆನ್ನೆ ಒಳಕ್ಕೆ ಕುಸಿದಿದೆ, ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿದೆ. ಎಳೆದ ಕಡೆಗೆಲ್ಲ ಬರುತ್ತದೆ, ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ.

ತಾತನ ಕತ್ತಿಯ ತುದಿ ಚೌಕ. ಮೀಸೆಯ ಅಂಚು ತಿದ್ದುವ ಪ್ರಾಯದವರಿಗೆ ಚೌಕ ತುದಿಗಿಂತ ಒಳ್ಳೆಯದಿಲ್ಲ. ಮೂಗಿನ ಬುಡದವರೆಗೆ ಗೆರೆ ಎಳೆದಂತೆ ಹೋಗುತ್ತದೆ. ಕುಳಿಬಿದ್ದ ಕೆನ್ನೆಯಲ್ಲಿ ಅದೇ ಮೂಲೆ ಕಾದು ಕುಳಿತಿರುತ್ತದೆ. ಕಿವಿಯ ಹಾಲೆಯ ಹತ್ತಿರ ಬಂದಾಗಲೆಲ್ಲ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಅಣ್ಣನಿಗೆ ಬೇಕಾದದ್ದು ದುಂಡು ತುದಿಯ ಕತ್ತಿ. ಅದನ್ನು ಅವರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ‘ನನಗೊಂದು ಕತ್ತಿ ಬೇಕು’ ಎಂದು ಮನೆಯಲ್ಲಿ ಸಾರಿ ಹುಡುಕಲು ಹೊರಟೆ.

ಹೊಸದಾಗಿ ಸೊಲಿಂಗೆನ್ನಿನದನ್ನೇ ತರಿಸೋಣವೆಂದರೆ ಬೆಲೆ 12 ಸಾವಿರ ರೂಪಾಯಿಯ ಮೇಲೆ, ಸುಂಕ ಬೇರೆ. ನಾಲ್ಕೈದು ನೂರಕ್ಕೆ ಮನೆಬಾಗಿಲಿಗೆ ಬರುವವೂ ಇವೆ. ಥಳಥಳಿಸುತ್ತವೆ, ಹಿಡಿಗೆ ಹಿತ್ತಾಳೆಯ ಮೊಳೆಯಿರುತ್ತದೆ, ಉಕ್ಕು ಮಾತ್ರ ಮೆತು. ಎಷ್ಟು ಮಸೆದರೂ ಧಾರೆ ನಿಲ್ಲುವುದಿಲ್ಲ. ಅವು ಕತ್ತಿಯ ಬೊಂಬೆಗಳು.

ಆದ್ದರಿಂದ ಬೆಂಗಳೂರಿನ ಭಾನುವಾರದ ಗುಜರಿ ಬಜಾರಿಗೆ ಎರಡು ಸಲ ಹೋದೆ. ಹಳೆಯ ಕತ್ತಿ ನೋಡುವುದೆಂದರೆ ಎತ್ತು ಕೊಳ್ಳುವವನು ಹಲ್ಲು ಹಿಡಿದು ಸುಳಿ ನೋಡಿದ ಹಾಗೆ. ಮೊದಲು ಬೆನ್ನು: ಎರಡು ಪಕ್ಕವೂ ಸಮನಾಗಿ ಸವೆದಿದೆಯೆ, ಒಂದೇ ಕಡೆ ಚಪ್ಪಟೆಯಾಗಿದೆಯೆ? ಆಮೇಲೆ ಬಾಯಿ: ನೇರವಾಗಿರಬಹುದು, ನಸುನಗುವಂತೆ ಹೊರಕ್ಕೆ ಬಾಗಿದ್ದರೂ ಅಡ್ಡಿಯಿಲ್ಲ, ನಡುವೆ ಒಳಕ್ಕೆ ತಗ್ಗಿರಬಾರದು. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಬಾಯ ಬಳಿ ಹೊಂಡ ಬಿದ್ದಿದ್ದರೆ ಕೆಳಗಿಟ್ಟು ಮುಂದೆ ನಡೆಯಬೇಕು. ಉಗುರಿನಿಂದ ಮೀಟಿದರೆ ಸಣ್ಣ ನಾದ ಬರಬೇಕು, ಬಿರುಕಿದ್ದರೆ ಒಡಕು ಸದ್ದು. ಹಿಡಿಯನ್ನೂ ನೋಡಬೇಕು. ಹಳೆಯ ಸೆಲ್ಯುಲಾಯಿಡ್ ಹಿಡಿ ಕೊಳೆಯತೊಡಗಿದರೆ ಅದರಿಂದ ಹೊರಡುವ ಆಮ್ಲದ ಹಬೆ ಒಳಗೆ ಮಡಿಸಿದ ಅಲಗನ್ನು ತುಕ್ಕು ಹಿಡಿಸುತ್ತದೆ. ಮನೆಯೇ ನಿವಾಸಿಯನ್ನು ತಿಂದಂತೆ. ಮೊದಲ ಸಲ ಸಿಕ್ಕಿದ್ದು ಶೆಫೀಲ್ಡಿನ ಭಾರಿ ಕತ್ತಿ, ಒಳಗುಳಿಯೇ ಇಲ್ಲದ ಬೆಣೆಯಂಥದು. ನೋಡಲು ರಾಜಗಾಂಭೀರ್ಯ, ಆದರೆ ಬಾಯಲ್ಲಿ ಎರಡು ಹಲ್ಲು ಮುರಿದಿದ್ದವು. ಎರಡನೆಯ ಸಲ ಬರಿಗೈ.

ಕೊನೆಗೆ ಸಿಕ್ಕಿದ್ದು ನಮ್ಮ ಊರಿನಲ್ಲೇ, ನಾನು ತಲೆ ಕೊಡುವ ಕ್ಷೌರದಂಗಡಿಯಲ್ಲಿ. ಅಂಗಡಿಯ ಯಜಮಾನ ನನಗಿಂತ ಚಿಕ್ಕವನು. ಅವನೂ ಅರ್ಧ ಬ್ಲೇಡಿನವನೇ. ಮಾತಿಗೆ ಮಾತು ಬಂದು ನನ್ನ ಹುಡುಕಾಟ ಹೇಳಿದೆ. ಕನ್ನಡಿಯ ಕೆಳಗಿನ ಡ್ರಾಯರಿನಿಂದ ಎಣ್ಣೆಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಮೂರು ಕತ್ತಿ. “ನಮ್ಮಪ್ಪಂದು ಸಾರ್. ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ, ಎಣ್ಣೆ ಮಾತ್ರ ಹಚ್ಚಿಡ್ತೀನಿ.” ಒಂದು ಪೂರ್ತಿ ಒಳಗುಳಿಯದು, ಕಾಗದದಂತೆ ತೆಳ್ಳಗೆ, ಒರಟು ಗಡ್ಡದ ಮೇಲೆ ಸಣ್ಣಗೆ ಹಾಡುವಂಥದು. ನನಗೆ ಅದರ ಮೇಲೆಯೇ ಮನಸ್ಸು. ಇನ್ನೊಂದು ಐದು ಭಾಗದ ಅಗಲ, ಅರ್ಧ ಒಳಗುಳಿ, ಕೊಂಬಿನ ಹಿಡಿ, ದುಂಡು ತುದಿ. ಅರ್ಧ ಒಳಗುಳಿಯದು ಹಾಡುವುದಿಲ್ಲ. ಅಷ್ಟಾಗಿ ಬಳುಕುವುದೂ ಇಲ್ಲ, ಸಡಿಲ ಚರ್ಮದ ಮೇಲೆ ಸ್ಥಿರವಾಗಿ ನಡೆಯುತ್ತದೆ. ಅದನ್ನೇ ಎತ್ತಿಕೊಂಡೆ. ಮೂರನೆಯದರತ್ತ ಕೈ ಚಾಚಿದಾಗ ಅವನು ಬಟ್ಟೆಯ ಅಂಚನ್ನು ಅದರ ಮೇಲೆ ಎಳೆದು, “ಅದೊಂದು ಬೇಡಿ ಸಾರ್” ಎಂದ. ಅದರ ಅಲಗು ಸವೆದು ಸವೆದು ಕಡ್ಡಿಯಂತಾಗಿತ್ತು. ಬೆಲೆ ಕೇಳಿದರೆ ಹೇಳಲೊಲ್ಲ. ಕೊನೆಗೆ 800 ರೂಪಾಯಿ ಕೊಟ್ಟು ಬಂದೆ; ಅದು ಕತ್ತಿಯ ಬೆಲೆಯಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಮೂರು ಸಂಜೆ ಕಲ್ಲಿನ ಮೇಲೆ ಕಳೆದವು. ಒರಟಿನಿಂದ ನುಣುಪಿಗೆ, ನುಣುಪಿನಿಂದ ಇನ್ನೂ ನುಣುಪಿಗೆ, ಕೊನೆಗೆ ತೊಗಲಿನ ಪಟ್ಟಿ. ಮಸೆಯುವಾಗ ಬಾಯಿ ಮುಂದು, ತೀಡುವಾಗ ಬೆನ್ನು ಮುಂದು. ಎರಡು ವಾರ ನನ್ನ ಮುಖದ ಮೇಲೆ ಅದರ ಗುಣ ಪರೀಕ್ಷಿಸಿದೆ. ಆಮೇಲೆ ಮತ್ತೆ ಕಲ್ಲಿಗೆ ಹಿಡಿದು, ಸ್ಪಿರಿಟ್ಟಿನಲ್ಲಿ ತೊಳೆದು, ಎಣ್ಣೆ ಸವರಿ, ಅಣ್ಣನ ಕತ್ತಿಯ ಪಕ್ಕದಲ್ಲೇ ಇಟ್ಟು ಮತ್ತೆ ಬ್ಲೇಡಿಗೆ ಹೋದೆ. ಅಣ್ಣ ಅದನ್ನು ತೆಗೆದು ನೋಡಿದರು. ಹೆಬ್ಬೆರಳನ್ನು ಬಾಯಿಗೆ ಅಡ್ಡಡ್ಡವಾಗಿ ಸವರಿ, “ದುಂಡು ಮೂತಿ. ಹೆದರುಪುಕ್ಕಲರ ಕತ್ತಿ” ಎಂದು ತೀರ್ಪು ಕೊಟ್ಟರು. ನಾನು ಸುಮ್ಮನಿದ್ದೆ.

ಆಷಾಢದ ಜಡಿಮಳೆಯ ಒಂದು ಬುಧವಾರ. ಅವರ ಕತ್ತಿಯ ಬಾಯಲ್ಲಿ ತುಕ್ಕಿನ ಚುಕ್ಕೆ ಕಂಡಿತ್ತು. ಕಲ್ಲಿಗೆ ಹಿಡಿಯಲು ಪುರಸೊತ್ತಾಗಿರಲಿಲ್ಲ. ಅಣ್ಣ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕಣ್ಣು ಮುಚ್ಚಿ ಕುಳಿತಿದ್ದರು. ನೊರೆ ಹಚ್ಚಿ, ಹೊಸದನ್ನು ತೆಗೆದುಕೊಂಡೆ. ಕಿವಿಯ ಬುಡದಿಂದ ಕೆಳಕ್ಕೆ ಎರಡು ಎಳೆತವಾಗಿತ್ತು.

“ಇದು ನನ್ನದಲ್ಲ” ಎಂದರು, ಕಣ್ಣು ತೆರೆಯದೆ.

“ಅಲ್ಲ, ಅಣ್ಣ.”

ಕತ್ತಿಯನ್ನು ಹಾಗೆಯೇ ಎತ್ತಿಹಿಡಿದು ನಿಂತೆ. ಹೊರಗೆ ಸೂರಿನಿಂದ ನೀರು ಸುರಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರು ಮುಖವನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿ, “ಈ ಕಡೆ ಸೋಪು ಒಣಗಿದೆ ನೋಡು” ಎಂದರು.