ಬಿಳಿ ಹಾಳೆ ಮೇಲಿನ ಬಾವಲಿ

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ನಮ್ಮ ದೇಶದ ಒಂದು ಬಾವಲಿ ಚಿತ್ರ ಇದೆ. ಫೋನಲ್ಲಿ ಹುಡುಕಿದರೆ ಸಿಗುತ್ತೆ, ಬಿಡುವಾದಾಗ ನೋಡಿ. ಮೂರು ದಿನದಿಂದ ನಾನು ಅದನ್ನೇ ದೊಡ್ಡದು ಮಾಡಿ ಮಾಡಿ ನೋಡ್ತಾ ಇದ್ದೀನಿ.

ಬರೆದದ್ದು ಕಲ್ಕತ್ತೆಯಲ್ಲಿ, 1777-82ರ ಸುಮಾರಿಗೆ. ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಹೆಂಡತಿ ಮೇರಿ, ಮನೆಯಲ್ಲೇ ಪ್ರಾಣಿ ಪಕ್ಷಿ ಸಾಕಿಕೊಂಡು ಅವುಗಳ ಚಿತ್ರ ಬರೆಸುತ್ತಿದ್ದಳು. ಬರೆದವರು ಪಾಟ್ನಾದಿಂದ ಬಂದ ಮೂವರು: ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್. ಒಟ್ಟು ಮುನ್ನೂರಕ್ಕೂ ಹೆಚ್ಚು ಚಿತ್ರ. ಈ ಬಾವಲಿ ಭವಾನಿ ದಾಸನದು, ಇಲ್ಲವೇ ಅವನ ದಾರಿಯಲ್ಲಿ ಬರೆದ ಇನ್ನೊಬ್ಬರದು ಅಂತಾರೆ.

ಒಂದು ರೆಕ್ಕೆ ಬಿಚ್ಚಿದೆ, ಇನ್ನೊಂದು ಮಡಚಿದೆ. ಮೈಮೇಲಿನ ಕೂದಲು ಎಳೆಎಳೆಯಾಗಿ ಕಾಣುತ್ತೆ. ಮುಖ ನರಿಮರಿಯದೇ. ರೆಕ್ಕೆ ಅಂದರೆ ಅದರ ಕೈಯೇ ಅನ್ನೋದು ನೋಡಿದ ಕೂಡಲೇ ತಿಳಿಯುತ್ತೆ. ನಾಲ್ಕು ಬೆರಳು ಛತ್ರಿ ಕಡ್ಡಿ ಹಾಗೆ ಉದ್ದ, ನಡುವೆ ಬಿಗಿದ ತೊಗಲು. ಹೆಬ್ಬೆರಳು ಮಾತ್ರ ಹೊರಗೆ, ಅದಕ್ಕೆ ಕೊಕ್ಕೆಯಂಥ ಉಗುರು.

ಜೈನುದ್ದೀನನ ಹಕ್ಕಿಗಳಿಗೆ ಕೂರೋಕೆ ಒಂದು ಕೊಂಬೆಯಾದರೂ ಇರುತ್ತೆ. ಈ ಬಾವಲಿಗೆ ನೇತಾಡೋಕೆ ಅದೂ ಇಲ್ಲ. ಮರ ಇಲ್ಲ, ಹಣ್ಣಿಲ್ಲ, ಕತ್ತಲೆ ಇಲ್ಲ, ಬರೀ ಬಿಳಿ ಹಾಳೆ. ನಮ್ಮ ಕಥೆ ಇದಕ್ಕೆ ಉಲ್ಟಾ. ನಮಗೆ ಗೊತ್ತಿರೋದು ಬೆಳಿಗ್ಗೆ ಸೀಬೆ ಗಿಡದ ಬುಡದಲ್ಲಿ ಬಿದ್ದಿರೋ ಅರೆ ತಿಂದ ಹಣ್ಣು, ಉಗಿದ ನಾರು. ಆ ಚಿತ್ರಕಾರ ಪ್ರಾಣಿಯನ್ನು ಕಂಡ, ನಾವು ಅದರ ಲೂಟಿ ಕಂಡಿದ್ದೀವಿ.

ಇದನ್ನೀಗ ಯಾಕೆ ಬರೀತಿದ್ದೀನಿ ಅಂದ್ರೆ, ಕೆರೆ ಏರಿ ಪಕ್ಕದ ಆಲದ ಮರದ ಬಾವಲಿಗಳನ್ನು ಪಟಾಕಿ ಹೊಡೆದು ಓಡಿಸಬೇಕು, ಆಗದಿದ್ರೆ ಕೊಂಬೆ ಕಡಿಸಬೇಕು ಅನ್ನೋ ಮಾತು ಊರಲ್ಲಿ ನಡೀತಿದೆ. ನಷ್ಟ ಸುಳ್ಳಲ್ಲ, ನನ್ನ ಸೀಬೆಯೂ ಹೋಗಿದೆ. 2018ರಲ್ಲಿ ಕೇರಳದಲ್ಲಿ ನಿಪಾ ಬಂದ ಮೇಲೆ ಹೆದರಿಕೆಯೂ ಸೇರಿಕೊಂಡಿದೆ. 1972ರ ವನ್ಯಜೀವಿ ಕಾಯ್ದೆಯೂ ಹಣ್ಣು ತಿನ್ನೋ ಬಾವಲಿಯನ್ನು ಇಲಿ, ಕಾಗೆ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು.

ನನ್ನ ಲೆಕ್ಕ ಹೀಗಿದೆ. ಪಟಾಕಿಗೆ ಬಾವಲಿ ಊರು ಬಿಡಲ್ಲ, ಮರ ಬದಲಾಯಿಸುತ್ತೆ. ಆ ಮರ ನಿಮ್ಮ ಮನೆ ಹಿತ್ತಲದ್ದೇ ಆಗಬಹುದು. ಸಾಮಾನ್ಯವಾಗಿ ತಾಯಿಗೆ ವರ್ಷಕ್ಕೆ ಒಂದೇ ಮರಿ, ಹಿಂಡು ಚದುರಿದರೆ ಬೇಗ ತುಂಬಿಕೊಳ್ಳಲ್ಲ. ಬದುವಿನ ಮೇಲೆ ತಾನಾಗಿ ಹುಟ್ಟೋ ಆಲ, ಅತ್ತಿ, ಬೇವಿನಲ್ಲಿ ಅವುಗಳ ಪಾಲೂ ಇದೆ.

ತೋಟ ಉಳಿಸಿಕೊಳ್ಳೋಕೆ ಆ ಚಿತ್ರದಲ್ಲೇ ದಾರಿ ಇದೆ. ಕಣ್ಣು ನೋಡಿ, ಎಷ್ಟು ದೊಡ್ಡದು! ಈ ಜಾತಿ ಸಣ್ಣ ಬಾವಲಿಗಳ ಹಾಗೆ ಕೂಗಿನ ಪ್ರತಿಧ್ವನಿಯಿಂದ ದಾರಿ ಹುಡುಕಲ್ಲ. ಕಣ್ಣು, ಮೂಗು ನಂಬಿಕೊಂಡು ಬರುತ್ತೆ. ಹಣ್ಣಾದ ವಾಸನೆಯೇ ಕರೆಯೋಲೆ. ಸೀಬೆ ಬಲಿತ ಕೂಡಲೇ ಕೊಯ್ಯಿರಿ, ಬಿಡೋದಾದ್ರೆ ಕಾಯಿಗೆ ಕವರ್ ಕಟ್ಟಿ. ಬಲೆ ಹಾಕೋರು ಸಡಿಲ ನೈಲಾನ್ ಬಲೆ ಇಳಿಬಿಡಬೇಡಿ. ಹೆಬ್ಬೆರಳಿನ ಆ ಕೊಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋಕೆ ಆಗಲ್ಲ, ಒದ್ದಾಡಿ ಸಾಯುತ್ತೆ, ಬಲೆಯೂ ಹಾಳು. ಸಣ್ಣ ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ. ಕಚ್ಚಿದ ಹಣ್ಣು ತಿನ್ನಬೇಡಿ, ದನಕ್ಕೂ ಹಾಕಬೇಡಿ, ಬರಿಗೈಲಿ ಮುಟ್ಟದೆ ಹೂತುಬಿಡಿ. ಬಿದ್ದ ಬಾವಲಿಯನ್ನೂ ಮುಟ್ಟೋದು ಬೇಡ.

ಭಾನುವಾರ ಸಂಜೆ ಹೊತ್ತು ಮುಳುಗೋ ಮುಂಚೆ ಏರಿ ಮೇಲೆ ಬನ್ನಿ. ಹೊರಡೋ ಹೊತ್ತಲ್ಲಿ ಎಣಿಸೋಣ. ಎಷ್ಟಿವೆ ಅಂತಲೇ ತಿಳೀದೆ ಕೊಂಬೆಗೆ ಕೊಡಲಿ ಹಾಕೋದು ಬೇಡ.